ಇಳಿಯುವ ಸವಾಲು

ನಲವತ್ತು ವರ್ಷ ಕುರಿ ಕೂಗಿದವನು ನಾನು, ಓಕರ್ಟ್.
ಕರೂ ಬಯಲಿನ ತಗಡಿನ ಕೊಟ್ಟಿಗೆಗಳಲ್ಲಿ, ಬುಧವಾರ ಬುಧವಾರ,
ಹಲಗೆಯ ಮೇಲೆ ನಿಂತು, ಸುತ್ತಿಗೆ ಹಿಡಿದು:
ಎಂಟುನೂರು, ಎಂಟುನೂರ ಹತ್ತು, ಇಪ್ಪತ್ತು ಯಾರಪ್ಪಾ,
ಹಲ್ಲು ನೋಡಿ, ಉಣ್ಣೆ ಹಿಚುಕಿ ನೋಡಿ, ಒಂದು ಸಲ, ಎರಡು ಸಲ...
ಹಿಂದಿನ ಸಾಲಿನವನು ಹ್ಯಾಟಿನ ಅಂಚು ಮುಟ್ಟಿದರೂ ಸಾಕು,
ನನಗೆ ತಿಳಿಯುತ್ತಿತ್ತು.
ಬೆಲೆಯೆಂದರೆ ಏರಬೇಕು. ನಾನು ಕಂಡ ಲೋಕ ಅಷ್ಟೇ.

ತಂಗಿಯ ಮಗಳು ಡೆಲ್ಮರಿ ಕೇಪ್ ಟೌನಿನಿಂದ ಬಂದು
ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದು
‘ಮಾಮಾ, ಗಾಳಿ ಹರಾಜಿಗೆ ಬಂದಿದೆ’ ಎಂದಳು.
ನಕ್ಕುಬಿಟ್ಟೆ. ಗಾಳಿಯ ಹಲ್ಲು ಯಾರು ನೋಡಿದ್ದಾರೆ?
ಅದರ ಕಿವಿಯಲ್ಲಿ ಯಾರ ಗುರುತು?

ಅಲ್ಲಿ ಕೂಗುವವರೇ ಇಲ್ಲವಂತೆ.
ಪ್ರಿಟೋರಿಯಾದ ಯಾವುದೋ ಕೋಣೆಯಲ್ಲಿ ಮುಚ್ಚಿದ ಲಕೋಟೆ ಒಡೆದು
ಎಲ್ಲರಿಗಿಂತ ಕಡಿಮೆಗೆ ಕೊಡುತ್ತೇನೆಂದವನಿಗೆ
ಇಪ್ಪತ್ತು ವರ್ಷ ಕರೆಂಟು ಮಾರುವ ಹಕ್ಕಂತೆ.
ಮೊದಲ ಸುತ್ತಿನಲ್ಲಿ ದುಬಾರಿಯಾಗಿದ್ದದ್ದು ಎರಡರಲ್ಲಿ ಇಳಿಯಿತು,
ಮೂರರಲ್ಲಿ ಮತ್ತೆ. ನಾಲ್ಕರ ಹೊತ್ತಿಗೆ
ಕಲ್ಲಿದ್ದಲಿನವರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರಂತೆ.

ಹನ್ನೊಂದು ರಾತ್ರಿ ಲೆಕ್ಕ ಹಾಕಿದಳು ಹುಡುಗಿ.
ಗೋಪುರದ ಉಕ್ಕು, ಹಡಗಿನ ಬಾಡಿಗೆ, ಬ್ಯಾಂಕಿನ ಬಡ್ಡಿ,
ಗುಡ್ಡದ ಕಂಬವೊಂದು ಎರಡು ವರ್ಷ ಬರೆದಿಟ್ಟ ಗಾಳಿಯ ದಿನಚರಿ.
ಯೂನಿಟ್ಟಿಗೆ ಅರವತ್ತೆರಡು ಸೆಂಟು. ಹೆಚ್ಚಾಯಿತು.
ಅರವತ್ತೊಂದೂವರೆ. ಎದುರಾಳಿ ಎಷ್ಟು ಬರೆದಿರಬಹುದು?
ಇನ್ನೊಂದು ಅರ್ಧ ಸೆಂಟು ಎಲ್ಲಿಂದ ಕೀಳುವುದು?
ರಸ್ತೆಯ ಜಲ್ಲಿಯಿಂದ ಒಂದಿಷ್ಟು,
ರಾತ್ರಿ ಕಾವಲಿನ ನಾಲ್ವರಲ್ಲಿ ಒಬ್ಬನಿಂದ ಒಂದಿಷ್ಟು,
ಬ್ಯಾಂಕಿನವನನ್ನು ಫೋನಿನಲ್ಲಿ ಕಾಡಿ ಬೇಡಿ ಒಂದಿಷ್ಟು.
ನಾನು ರೂಯ್‌ಬೋಸ್ ಚಹಾ ಕಾಸಿಕೊಟ್ಟೆ, ಬೇರೇನು ಮಾಡಲಿ.
ಉಣ್ಣೆ ಕತ್ತರಿಸುವವರ ಕೈ ನೋಡಿದ್ದೇನೆ:
ಚರ್ಮ ಸವರುವಷ್ಟು ಹತ್ತಿರ, ರಕ್ತ ಬರದಷ್ಟು ದೂರ.
ಕೀಲಿಮಣೆಯ ಮೇಲೆ ಅವಳ ಬೆರಳೂ ಹಾಗೇ ಇತ್ತು.

ಗೆದ್ದಳು.
ಎಷ್ಟರಿಂದ ಅಂದರೆ, ಸೆಂಟಿನಲ್ಲಿ ಹತ್ತನೇ ಒಂದು ಪಾಲು.
ಅದನ್ನು ಕೂಗಿ ಹೇಳಲು ನನ್ನ ಬಾಯಲ್ಲಿ ಅಂಕಿಯೇ ಇಲ್ಲ.

ಪಕ್ಕದ ಮನೆಯ ಕತ್ರಿನಾ ನೂಸ್
ಮೀಟರಿಗೆ ಮುಂಗಡ ತುಂಬಿದ ಚೀಟಿ ಹಿಡಿದು ಬೇಲಿಯಾಚೆಯಿಂದ ಕೇಳುತ್ತಾಳೆ:
‘ಗಾಳಿ ಅಗ್ಗವಾಯಿತಲ್ಲ, ನನ್ನ ಮೀಟರಿಗೆ ಯಾರೂ ಹೇಳಲಿಲ್ಲವೇ?’
ಡೆಲ್ಮರಿ ವಿವರಿಸಿದಳು: ತಂತಿಯ ಖರ್ಚು, ಪುರಸಭೆಯ ಪಾಲು,
ಹಳೆಯ ಬಾಯ್ಲರುಗಳ ತೀರದ ಸಾಲ.
ಉತ್ತರ ಉದ್ದವಿತ್ತು. ಚೀಟಿ ಹೆಬ್ಬೆರಳಷ್ಟು.
ಅಷ್ಟು ಹೊತ್ತೂ ಅದನ್ನೇ ಮಡಿಸುತ್ತ ನಿಂತಿದ್ದಳು ಕತ್ರಿನಾ.

ಗಂಟಲು ಕೆಟ್ಟ ಮೇಲೆ ಸುತ್ತಿಗೆ ಬೇರೆಯವನಿಗೆ ಕೊಟ್ಟೆ.
ಸಂಜೆ ಲಾರಿ ತೆಗೆದುಕೊಂಡು ಗುಡ್ಡಕ್ಕೆ ಹೋಗುತ್ತೇನೆ,
ಗೋಪುರಕ್ಕೆ ಅಂಗೈ ಒತ್ತಿ ನಿಲ್ಲುತ್ತೇನೆ. ಒಳಗೇನೋ ಗುಂಯ್‌ಗುಡುತ್ತದೆ.
ಮೇಲೆ ಮೂರು ರೆಕ್ಕೆ: ಒಂದು ಸಲ, ಎರಡು ಸಲ,
ಮೂರೆನ್ನುವಷ್ಟರಲ್ಲಿ
ಮೊದಲಿನದೇ ಮತ್ತೆ ಬಂದುಬಿಡುತ್ತದೆ.

ಕುರಿಗಳು ಮಾತ್ರ ಗೋಪುರದ ನೆರಳಿನಲ್ಲಿ ಸಾಲಾಗಿ ಮಲಗಿ
ನೆರಳು ಸರಿದಂತೆ ಸರಿಯುತ್ತವೆ,
ಯಾರಿಗೂ ಬಾಡಿಗೆ ಕೊಡದೆ.