ಗಾಳಿ ಬಾಬತ್ತು

ಊಟದ ನಂತರದ ಸೆಷನ್ನು, ಹಾಲ್ ನಂಬರ್ ಮೂರು.
ನನಗೆ ಹನ್ನೆರಡು ನಿಮಿಷ.
ಕೇಳಲು ಒಂಬತ್ತು ಮಂದಿ; ಅವರಲ್ಲಿಬ್ಬರು
ನನ್ನ ಬಳಿಕ ಮಾತಾಡಬೇಕಾದವರು.
ಕಿಟಕಿಯ ಪರದೆ ತೆಳ್ಳಗಾಗುವಷ್ಟು ಕಲಬುರಗಿಯ ಬಿಸಿಲು,
ಸ್ಕ್ರೀನಿನ ಮೇಲಿನ ಗ್ರಾಫು ಅರ್ಧ ಮಾಸಿತ್ತು.

ಎರಡು ನೂರು ಊಟ ಹೇಳಿದ್ದರಂತೆ, ಬಂದವರು ನೂರಾ ಮೂವತ್ತು.
ದಾಸ್ತಾನು ನಿರ್ವಹಣೆಯ ರಾಷ್ಟ್ರೀಯ ಸಮ್ಮೇಳನ!
ಉಳಿದ ಹೋಳಿಗೆಯ ಬುಟ್ಟಿ ಹೊತ್ತು
ಅಡುಗೆಯವರು ಮೆಟ್ಟಿಲಿಳಿಯುವಾಗ
ಬೇಡಿಕೆಯ ಮುನ್ಸೂಚನೆ ಕುರಿತು ಉಪನ್ಯಾಸ ನಡೆದಿತ್ತು.

ನನ್ನದು ತೊಗರಿ.
ಹುಮನಾಬಾದ್ ರಸ್ತೆಯ ಒಂದು ದಾಲ್ ಮಿಲ್ಲಿನ
ಮೂವತ್ತೊಂದು ತಿಂಗಳ ಲೆಕ್ಕ:
ಬಂದ ಚೀಲ, ಒಡೆದ ಬೇಳೆ, ನುಚ್ಚು, ಹೊಟ್ಟು, ಚುನ್ನಿ,
ಖಾಲಿ ಬಾರದಾನಗಳ ಸಮೇತ.
ಎಷ್ಟು ತರಿಸಬೇಕು, ಯಾವಾಗ,
ಎಷ್ಟು ದಿನ ಕೂಡಿಟ್ಟರೆ ಇಡುವ ಖರ್ಚೇ ಲಾಭ ತಿಂದೀತು,
ಎಲ್ಲ ಒಂದು ವರ್ಗಮೂಲದ ಚಪ್ಪರದಡಿ ಕೂತಿತ್ತು.

ಒಂದು ಕೂರಲಿಲ್ಲ.
ಮುನೀಮ ಅಂಬಾರಾಯರ ಕೆಂಪು ರಟ್ಟಿನ ಖಾತೆಯಲ್ಲಿ
ಪ್ರತಿ ಅಮಾವಾಸ್ಯೆಗೆ ಒಂದು ಸಾಲು:
'ಗಾಳಿ ಬಾಬತ್ತು, ನಲವತ್ತು ಕಿಲೋ.'
ಒಮ್ಮೆ ಮೂವತ್ತೆಂಟು. ರಂಜಾನಿಗೆ ಐವತ್ತು, ಪಂಚಮಿಗೆ ಐವತ್ತೈದು.
'ಇಷ್ಟು ಗಾಳಿ ಎಲ್ಲಿಂದ ಬೀಸ್ತದ್ರಿ?' ಅಂದೆ.
'ಬೀಸ್ತದವ್ವ' ಅಂದರು,
'ಮಿಲ್ಲು ಅಂದಮ್ಯಾಲ ಗಾಳಿ ಇರಲೇಬೇಕು.'

ಗಾಳಿಯನ್ನು ನಾನು ಕಂಡದ್ದು ಸಂಜೆ ಆರಕ್ಕೆ,
ಶಿಫ್ಟು ಬಿಡುವ ಹೊತ್ತು.
ಜಗದೇವಿ, ನಿಂಬೆಮ್ಮ, ಖಾಸಿಂಬಿ,
ದಿನವಿಡೀ ಕಲ್ಲು ಆರಿಸಿದ ಕೈಗಳು
ಸೆರಗಿನ ತುದಿಗೆ ಒಂದು ಗಂಟು ಹಾಕಿ
ಗೇಟು ದಾಟುತ್ತಿದ್ದವು.
ಅಂಬಾರಾಯರು ಆಗ ಕನ್ನಡಕ ತೆಗೆದು
ಧೋತರದ ಚುಂಗಿನಿಂದ ಒರೆಸುತ್ತ ಕೂತಿದ್ದರು.
ಬಹಳ ಹೊತ್ತು ಒರೆಸಿದರು,
ಕೊನೆಯ ಚಪ್ಪಲಿಯ ಸದ್ದು ರಸ್ತೆಗಿಳಿಯುವ ತನಕ.

ಮಾರ್ಚಿನಲ್ಲೊಂದು ಸಂಜೆ ಜಗದೇವಿ
ನನ್ನ ಬ್ಯಾಗಿನ ಬಾಯಿ ತಾನೇ ತೆರೆದು
'ತೊಗೊ, ಹಾಸ್ಟೆಲ್ನ್ಯಾಗ ನೀರು ಸಾರು ಉಣ್ತಿ' ಅಂತ
ಸೆರಗು ಬಿಚ್ಚಿ ಸುರಿದಳು.
ಬೇಡ ಎನ್ನಲಿಲ್ಲ.
ಆ ತಿಂಗಳ ನಲವತ್ತರಲ್ಲಿ
ಪಾವ್ ಕಿಲೋ ನನ್ನದು.

ಪೇಪರಿನಲ್ಲಿ ಅದಕ್ಕೊಂದು ಗ್ರೀಕ್ ಅಕ್ಷರ ಕೊಟ್ಟೆ.
'ಯಾದೃಚ್ಛಿಕ ನಷ್ಟ' ಎಂದು ಅಡಿಟಿಪ್ಪಣಿ.

ಪುಣೆಯಿಂದ ಬಂದ ಪ್ರೊಫೆಸರು ಎದ್ದರು.
ಒಳ್ಳೆಯವರು, ಇಡೀ ಪೇಪರು ಓದಿಕೊಂಡು ಬಂದಿದ್ದರು:
'ಈ ಪದ ಹಬ್ಬಗಳಲ್ಲಿ ಏರುತ್ತದಲ್ಲ,
ಯಾದೃಚ್ಛಿಕ ಹೇಗೆ?
ಒಂದು ಕ್ಯಾಮೆರಾ ಇಟ್ಟರೆ ಸೊನ್ನೆಗೆ ಇಳಿಸಬಹುದೇನೋ.'
ಒಂಬತ್ತು ಮಂದಿಯೂ ತಲೆಯೆತ್ತಿದರು.
ಗಂಟಲೊಣಗಿತು. ಬಾಟಲಿಯ ನೀರು ಅರ್ಧ ಕುಡಿದೆ.
'ಹಬ್ಬದ ದಿನಗಳಲ್ಲಿ ನಮ್ಮ ಕಡೆ
ಗಾಳಿ ಜೋರು, ಸರ್' ಅಂದೆ.
ಯಾರೋ ನಕ್ಕರು. ಸಮಯದ ಗಂಟೆ ಹೊಡೆಯಿತು.
ಅವರು ಮಾತ್ರ ನಗದೆ ನನ್ನನ್ನೇ ನೋಡಿ
ಪೆನ್ನಿಗೆ ಮುಚ್ಚಳ ಹಾಕಿದರು.

ಮರುದಿನ ಮುದ್ರಿತ ಪ್ರತಿ ಒಯ್ದು ಕೊಟ್ಟೆ.
ಇಂಗ್ಲಿಷು ಅಷ್ಟಾಗಿ ಬಾರದು, ಅಂಕಿ ಬಿಡುವವರಲ್ಲ.
ಅಂಬಾರಾಯರು ಪುಟಪುಟಕ್ಕೆ ಬೆರಳು ಒದ್ದೆ ಮಾಡಿ
ಗಾಳಿಯನ್ನು ಹುಡುಕಿದರು.
ಆ ಅಕ್ಷರದ ಮೇಲೆ ಬೆರಳು ನಿಂತಿತು:
'ಈ ಮೂರು ಯಾಕವ್ವ
ಆ ಕಡಿ ಮುಖ ಮಾಡಿ ನಿಂತದ?'