ಅರ್ಧ ಬೆರಳು ಕಮ್ಮಿ

ಆ ವಾರ ನಾನು ಮೀಟರು ಕಲಿಸಬೇಕಿತ್ತು.
ಎರಡನೇ ತರಗತಿ, ಹತ್ತೊಂಬತ್ತು ಮಕ್ಕಳು.
ನರಿನ್ ಹೊಳೆಯ ಅಂಚು ಗಾಜಾಗತೊಡಗಿದ ಅಕ್ಟೋಬರು.
ಒಲೆಗೆ ಕಲ್ಲಿದ್ದಲು ಬಂದಿತ್ತು,
ನೆಲಕ್ಕೆ ಹಾಸು ಬಂದಿರಲಿಲ್ಲ.
ಕಾಲು ಮರಗಟ್ಟಿದವರ ತಲೆಗೆ ಲೆಕ್ಕ ಹತ್ತೀತು ಹೇಗೆ?
ಬುರುಲ್ಚಾ ಅಪಾಳಿಗೆ ಹೇಳಿ ಕಳಿಸಿದೆ:
ಶಿರ್ದಾಕ್ ಮಾಡುವುದನ್ನು ತೋರಿಸಿಕೊಡಿ,
ಹಾಸೂ ಆಗಲಿ, ಅಳತೆಯ ಪಾಠವೂ ಆಗಲಿ.

ಬಂದಳು. ನಾಲ್ಕು ಚೀಲ ಉಣ್ಣೆ, ಒಂದು ಕತ್ತರಿ,
ಬಾಗಿಲು ಹಾಕುವ ಮುನ್ನ ಒಳನುಗ್ಗಿದ ಒಂದಿಷ್ಟು ಗಾಳಿ.
ನಾನು ಕೊಟ್ಟ ಮೀಟರು ಕೋಲನ್ನು ತಿರುಗಿಸಿ ನೋಡಿ
ಅದರಿಂದ ಬೆನ್ನು ಕೆರೆದುಕೊಂಡು
ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಕೈ ತಂದಿದ್ದೀರೇನ್ರೋ?"
ಮೂವತ್ತೆಂಟು ಕೈ ಮೇಲೆದ್ದವು.
"ಒಬ್ಬೊಬ್ಬರದು ಒಂದೊಂದು ಸಾಕು."

ಮೊದಲ ದಿನವೆಲ್ಲ ಬರೀ ಒದೆತ.
ಜೊಂಡಿನ ಚಾಪೆಯಲ್ಲಿ ಉಣ್ಣೆ ಹರಡಿ, ಕುದಿನೀರು ಸುರಿದು,
ಸುರುಳಿ ಸುತ್ತಿ ಪಡಸಾಲೆಯುದ್ದಕ್ಕೂ ಒದ್ದರು ಮಕ್ಕಳು.
ಅಡುಗೆಯ ಕನಿಶಾಯ್ ಸೌಟು ಹಿಡಿದೇ ಬಂದು ಒದ್ದಳು.
ಬಸ್ಸಿನ ಚಾಲಕ ಬೂಟು ಬಿಚ್ಚಿ ಒದ್ದ.
ಶಾಲೆಯಿಡೀ ನೆನೆದ ಕುರಿಯ ವಾಸನೆ.
ನಾನೂ ಒದ್ದೆ, ಯಾರೂ ಇಲ್ಲದಾಗ, ಎರಡು ಸಲ.

ಒಣಗಿದ ಮೇಲೆ ಕೆಂಪಿನ ಮೇಲೆ ಬಿಳಿಯಿಟ್ಟು
ಎರಡಕ್ಕೂ ಒಟ್ಟಿಗೇ ಕತ್ತರಿ.
ಕೆಂಪಿಂದ ಬಿಟ್ಟ ಕೊಂಬು ಬಿಳಿಯಲ್ಲಿ ಕೂತಿತು,
ಬಿಳಿಯದು ಕೆಂಪಲ್ಲಿ.
ಚೂರೂ ದಂಡವಾಗಲಿಲ್ಲ.
ಅಂಚಿಗೆ ಹತ್ತೊಂಬತ್ತು ಕೊಂಬು, ಮಗುವಿಗೊಂದು,
ಹೆಬ್ಬೆರಳಿಂದ ಕಿರುಬೆರಳಿಗೆ ಅವರವರದೇ ಗೇಣು.

ಸರಿ, ಮೂಲೆ ಕೂಡಲಿಲ್ಲ.
ತಿನಾರ್‌ಬೆಕ್‌ನ ಕೊಂಬು ಮುದಿ ಟಗರಿನದು,
ಮೇರ್‌ಕಾನ್‌ಳದು ಮೊನ್ನೆ ಹುಟ್ಟಿದ ಮರಿಯದು.
ಸುತ್ತಿ ಬಂದ ಅಂಚು ಹೊರಟಲ್ಲಿಗೆ ಮುಟ್ಟದೆ
ಒಂದು ಗೇಣು ಬಾಯಿ ತೆರೆದಿತ್ತು.
"ಯಾರ ಗೇಣು?" ಎಂದಿತು ಹಿಂದಿನ ಬೆಂಚು.

ಅಪಾ ಬೈಯಲಿಲ್ಲ. "ಮನೆಮನೆಯ ಗೇಣು ತನ್ನಿ ನಾಳೆ,
ಯಾರದು ಹೊಂದುತ್ತೋ ನೋಡುವಾ."

ಮರುದಿನ ಗೋಡೆಯ ಮೊಳೆಗಳಿಗೆಲ್ಲ ದಾರ:
ಇನ್ನೂ ಹಿಟ್ಟು ಮೆತ್ತಿದ ರೊಟ್ಟಿಯಂಗಡಿಯವನದು,
ಕುದುರೆಗೆ ಲಾಳ ಹೊಡೆಯುವ ತೊಕ್ತೊಬಾಯ್‌ನದು,
ತೊಟ್ಟಿಲ ತಮ್ಮನದು, ಹುಳದಷ್ಟು.
ಐಚುರೋಕ್ ಕೊನೆಗೆ ಬಂದಳು. ಅಂಗೈಯಲ್ಲಿ ಕರಿದಾರ.
"ಇದು ನಮ್ಮಜ್ಜಿ ಸಾಯ್ರಾಕುಲ್‌ಳದು."
ತಿನಾರ್‌ಬೆಕ್ ಎಂದ, "ಅವರು ಸತ್ತು ನಾಲ್ಕು ವರ್ಷ."
"ಹಾಸಿದೆಯಲ್ಲ ಮನೆಯಲ್ಲಿ. ಕೊಂಬಿಂದ ಕೊಂಬಿಗೆ ಅಳೆದೆ.
ಎಲ್ಲ ಕಡೆಯೂ ಇಷ್ಟೇ."

ಅಪಾ ಆ ದಾರವನ್ನು ತನ್ನ ಗೇಣಿಗೆ ಹಿಡಿದಳು.
ಹಿಡಿದವಳು ನಗತೊಡಗಿದಳು, ಹಲ್ಲಿಲ್ಲದ ದೊಡ್ಡ ನಗು.
"ಅವಳದೇ! ಹಾಲು ಕರೆಯುವಾಗ ಹಸು ಒದ್ದು
ಸೊಟ್ಟಗಾಗಿತ್ತು ಕಿರುಬೆರಳು.
ಅವಳ ಗೇಣು ಯಾವತ್ತೂ ಅರ್ಧ ಬೆರಳು ಕಮ್ಮಿ.
ಮೂವತ್ತು ವರ್ಷ ಜಗಳಾಡಿದೆ ಕಣೇ ಇದಕ್ಕೆ,
ಒಮ್ಮೆಯೂ ಒಪ್ಪಲಿಲ್ಲ ಮುದುಕಿ."
ಮತ್ತೆ ಕತ್ತರಿಯ ಉಂಗುರದಲ್ಲಿ ಬೆರಳು ತೂರಿಸಲು
ಅವಳಿಗೆ ತುಸು ಹೊತ್ತು ಬೇಕಾಯಿತು.

ಆಗ ಮೇರ್‌ಕಾನ್, ಇಡೀ ವಾರ ಮಾತಾಡದವಳು:
"ಎಜೆ, ಯಾರದ್ದೂ ಅಲ್ಲದ ಕೈ ಇಲ್ಲವಾ?
ಎಲ್ಲರಿಗೂ ಒಂದೇ ಆಗೋದು?"

ನಾನು ಕಿಟಕಿಯ ಬಳಿ ಹೋದೆ.
ಕೋಲಿನ ಮೇಲೆ ಧೂಳು. ಒರೆಸಿ ಕೊಟ್ಟೆ.
ಅತ್ತಿತ್ತ ನೋಡಿ ಹೇಳಿದಳು, "ಇದಕ್ಕೆ ಬೆರಳೇ ಇಲ್ಲ."
ಆದರೂ ಸಂಜೆಯತನಕ ಬಿಡದೆ ಅಳೆದಳು,
ಬಾಗಿಲು, ಬೆಂಚು, ಕನಿಶಾಯ್‌ಳ ಸೌಟು,
ನಿದ್ದೆಗೆ ಜಾರಿದ ಅಪಾಳ ಜಡೆ.

ಮೂಲೆಗೆ ಹೊಲಿದ ಕೊಂಬು ಸಾಯ್ರಾಕುಲ್‌ಳ ದಾರದ್ದು.
ಹೊಂದುವ ದಾರ ಬೇರೆ ಎರಡಿದ್ದವು.
ಅಪಾ ಅವನ್ನು ಮುಟ್ಟಲಿಲ್ಲ.

ಅಲ್ಲಿ ಅರ್ಧ ಬೆರಳಷ್ಟು ನೆಲ ಇವತ್ತಿಗೂ ಬರಿದು.
ಕಳೆದುಹೋದ ಸೀಮೆಸುಣ್ಣ
ಗುಡಿಸುವಾಗ ಅಲ್ಲೇ ಸಿಗುತ್ತದೆ.