ಉಳಿದ ಬೆಳಕು

ಪಾಮಿರದ ಈ ಕಣಿವೆಯಲ್ಲಿ ನಲವತ್ತೊಂದು ಮನೆ,
ಒಂದು ಹಳ್ಳ, ಒಂದು ತಗಡಿನ ಶೆಡ್ಡು.
ಶೆಡ್ಡಿನೊಳಗೆ ಶೋನವ್ರೂಜ್, ನಾನು, ಎರಡು ಪಿಯಾಲ.

ಮೊದಲ ದಿನವೇ ಹೇಳಿದ್ದ:
"ನೀರಿಗೆ ಏನೂ ಆಗೋದಿಲ್ಲ, ತಿಳ್ಕೊ.
ಮೇಲಿಂದ ಬಂದಷ್ಟೂ ಕೆಳಗೆ ಹೋಗುತ್ತೆ.
ನಾವು ಇಟ್ಕೊಳ್ಳೋದು ಅದು ಬಿದ್ದದ್ದನ್ನ ಮಾತ್ರ."

ಅರವತ್ತು ಮೀಟರ್ ಮೇಲೆ, ವಿಲೋ ಮರದ ಬುಡದಲ್ಲಿ
ಕಾಲುವೆ ತೊಟ್ಟಿ ಸೇರುತ್ತದೆ. ಜರಡಿಯಲ್ಲಿ
ಎಲೆ, ಕಡ್ಡಿ, ಒಮ್ಮೆ ಯಾವುದೋ ಮಗುವಿನ ರಬ್ಬರ್ ಬೂಟು.
ಅಲ್ಲಿಂದ ಕಡಿದಾಗಿ ಕೊಳವೆ,
ಕೊನೆಗೆ ಪಿಯಾಲದ ಬಾಯಷ್ಟೂ ಅಗಲವಿಲ್ಲದ ಮೂತಿ.
ಅದರೊಳಗೆ ನುಸುಳಿ ಹೊರಬೀಳುವಾಗ
ನೀರು ನೀರಲ್ಲ, ಸಲಾಕೆ.
ಚಕ್ರದ ಸುತ್ತ ಹದಿನೆಂಟು ಜೋಡಿ ಬಟ್ಟಲು,
ಒಂದೊಂದೂ ಹೊಡೆತ ತಿಂದು
ಹಿಂದಿನದಕ್ಕೆ ಜಾಗ ಬಿಟ್ಟು.
ಚಕ್ರದೊಡನೆ ಅಚ್ಚು, ಅಚ್ಚಿನೊಡನೆ
ತಾಮ್ರದ ಸುರುಳಿಗಳ ನಡುವೆ ಅಯಸ್ಕಾಂತ.
ಮುಟ್ಟುವುದಿಲ್ಲ, ಬರೀ ಹಾದುಹೋಗುತ್ತದೆ.
ಅಷ್ಟಕ್ಕೇ ತಾಮ್ರಕ್ಕೆ ಎಚ್ಚರ.

ಊರು ಬಳಸದೆ ಬಿಟ್ಟದ್ದು
ಮೂಲೆಯ ಡ್ರಮ್ಮಿನ ನೀರು ಕಾಯಿಸುತ್ತದೆ,
ಇಲ್ಲವಾದರೆ ಚಕ್ರಕ್ಕೆ ಹುಚ್ಚು ಹಿಡಿದೀತು.
ಹಾಗಾಗಿ ಊರು ಮಲಗಿದಷ್ಟೂ ನಮ್ಮ ಚಹಾ ಬಿಸಿ.
ಡ್ರಮ್ಮಿನ ಗುಂಯ್‌ಗಾಟಕ್ಕೆ ಕಿವಿಯಿಟ್ಟು ಶೋನವ್ರೂಜ್
ಊರನ್ನು ಓದುತ್ತಾನೆ: "ಐದು ಗಂಟೆ, ಕೆಟಲ್‌ಗಳು ಎದ್ದವು."
"ಬಖ್ತೋವರ್ ಮತ್ತೆ ವೆಲ್ಡಿಂಗ್ ಹಚ್ಚಿದ, ಹಾಳಾದವನು."

ಫೆಬ್ರವರಿ. ರಾತ್ರಿ ಮೂರು.
ಡ್ರಮ್ಮಿನ ಸದ್ದು ಒಂದು ಮೆಟ್ಟಿಲು ಇಳಿಯಿತು.
ಮತ್ತೊಂದು.
ಒಂದು ಮನೆ, ಪಕ್ಕದ ಮನೆ, ಸೇತುವೆಯಾಚೆಯ ಮನೆ.
ಆತ ಎರಡೂ ಅಂಗೈ ಮುಖದ ಮೇಲಿಂದ ಇಳಿಸಿದ.
"ನಿಸೋಬೇಗಿಮ್ ಅಜ್ಜಿ," ಎಂದ.
"ಹೆರಿಗೆಯಾದರೆ ಒಂದೆರಡು ಮನೆ ಏಳ್ತವೆ. ಇದು ಹಾಗಲ್ಲ."
ಹೋಗಿ ಕಾಲುವೆಯ ಮಂಜುಗಡ್ಡೆ ಒಡೆದು ಬಂದು
ಮೂತಿಯ ತಿರುಪನ್ನು ಮೂರು ಸುತ್ತು ಬಿಚ್ಚಿದ.
ಆ ಹೊತ್ತಿಗೆ ಅವನು ಕೊಡಬಹುದಾಗಿದ್ದು ಅದೇ.

ಮೂರನೆಯ ರಾತ್ರಿ ಅವಳ ಮನೆಯಲ್ಲಿ ಊರಿಗೆ ಊರೇ ಕೂತು
ಬಲ್ಬು ಆರಿಸಿ, ಕುರಿಕೊಬ್ಬಿನಲ್ಲಿ ಅದ್ದಿದ ಹತ್ತಿಯ ಬತ್ತಿ ಹಚ್ಚಿದರಂತೆ.
ಒಂದೇ ಒಂದು.
ನಾನು ನೋಡಲಿಲ್ಲ. ನನ್ನ ಪಾಳಿಯಿತ್ತು.
ಇಡೀ ಹಳ್ಳದ ಬಲ ಬೇರೆಲ್ಲೂ ದಾರಿ ಕಾಣದೆ
ಡ್ರಮ್ಮಿಗೆ ಬಂತು. ಮುಚ್ಚಳ ಕುಣಿಯಿತು.
ಕಿಟಕಿಯ ಗಾಜಿಗೆಲ್ಲ ಹಬೆ.

ನಸುಕಿನಲ್ಲಿ ಶೋನವ್ರೂಜ್ ಬಂದ,
ಕೈಯಲ್ಲಿ ಎರಡು ಖಾಲಿ ಬಕೆಟ್ಟು.
"ಅಲ್ಲಿ ಹಂಡೆಗಳನ್ನು ತೊಳೆಯೋದಿದೆ, ಜಿಡ್ಡು ಬಿಡ್ತಿಲ್ಲ,
ತುಂಬು."